ಹಿಂದಿನ ಸಾಲಿನ ಮುಖಗಳು

ಮದುವೆಯ ಸಡಗರವೆಲ್ಲ ಮುಗಿದ ಮೇಲೆ ಮನೆಯಲ್ಲಿ ಉಳಿಯುವುದು ಚಿತ್ರಗಳು. ಆ ಗುಂಪುಚಿತ್ರಗಳಲ್ಲೊಂದು ವಿಚಿತ್ರವನ್ನು ತಾವು ಗಮನಿಸಿರಬಹುದು. ಮುಂದೆ ಕುಳಿತ ಮಕ್ಕಳ ಮುಖ ಹೊಳೆಯುತ್ತಿರುತ್ತದೆ. ಹಿಂದೆ ನಿಂತ ಅಜ್ಜಿಯ ಮುಖ ಕತ್ತಲಲ್ಲಿ ಕರಗಿರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಬೆಳಗಿಸಹೊರಟರೆ ಮುಖದ ತುಂಬ ರವೆ ಚೆಲ್ಲಿದಂತೆ ಬಣ್ಣಬಣ್ಣದ ಚುಕ್ಕೆಗಳು ಏಳುತ್ತವೆ. ಕ್ಯಾಮರಾ ಕೆಟ್ಟಿತೆಂದು ದೂರುವವರೇ ಹೆಚ್ಚು. ಆದರೆ ಈ ತೊಡಕಿನ ಮೂಲ ಬಹುಮಟ್ಟಿಗೆ ಯಂತ್ರದಲ್ಲಿಲ್ಲ, ಬೆಳಕಿನ ಸ್ವಭಾವದಲ್ಲಿದೆ.

ಫ್ಲ್ಯಾಷ್ ಎಂಬುದು ಕ್ಷಣಮಾತ್ರದ ಪುಟ್ಟ ದೀಪ. ಅದರ ಬೆಳಕು ಸಾಗಿದಷ್ಟೂ ಹರಡಿ ತೆಳುವಾಗುತ್ತದೆ. 2 ಮೀಟರ್ ದೂರದ ಮುಖಕ್ಕೆ ದೊರೆತ ಬೆಳಕಿನ ಕಾಲುಭಾಗವಷ್ಟೇ 4 ಮೀಟರ್ ದೂರದ ಮುಖಕ್ಕೆ ದಕ್ಕುತ್ತದೆ. 6 ಮೀಟರಿಗೆ ಒಂಬತ್ತರಲ್ಲೊಂದು ಪಾಲು. ಫ್ಲ್ಯಾಷಿನ ಶಕ್ತಿಗೆ ‘ಗೈಡ್ ನಂಬರ್’ ಎಂಬ ಅಳತೆಯುಂಟು. ಐ.ಎಸ್.ಓ. 100ರಲ್ಲಿ ಅದು 12 ಎನ್ನೋಣ. ಅದನ್ನು ಮಸೂರದ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ: ಎಫ್ 4ಕ್ಕೆ 3 ಮೀಟರ್, ಎಫ್ 8ಕ್ಕೆ ಒಂದೂವರೆ ಮೀಟರ್. ಸಭಾಂಗಣದ ಕೊನೆಯಿಂದ ಮಿಂಚಿಸಿದ ಫ್ಲ್ಯಾಷ್ ಮುಂದೆ ಕುಳಿತವರ ತಲೆಗಳನ್ನಷ್ಟೇ ಬೆಳಗುವುದು ಇದರಿಂದಲೇ.

ಇನ್ನೊಂದು ಕಾರಣ, ಬಿಳಿಯ ಬಣ್ಣ. ಡಿಜಿಟಲ್ ಕ್ಯಾಮರಾ ಸಾಮಾನ್ಯವಾಗಿ ಮೊದಲು ಸಣ್ಣ ಮಿಂಚೊಂದನ್ನು ಕಳುಹಿಸಿ, ಮರಳಿ ಬಂದ ಬೆಳಕನ್ನು ಅಳೆಯುತ್ತದೆ. ಬಿಳಿಯ ಪಂಚೆ, ಬಿಳಿಯ ಅಂಗಿ, ಸುಣ್ಣದ ಗೋಡೆಗಳಿಂದ ಬೆಳಕು ಧಾರಾಳವಾಗಿ ಮರಳಿದರೆ, ಇಷ್ಟು ಸಾಕೆಂದು ಬಗೆದು ನಿಜವಾದ ಮಿಂಚನ್ನು ಕುಗ್ಗಿಸಿಬಿಡುತ್ತದೆ. ಬಟ್ಟೆ ಬೂದಿಯಾಗಿ, ಮುಖ ಕಪ್ಪಿಡುತ್ತದೆ. ಇಂಥಲ್ಲಿ ಫ್ಲ್ಯಾಷಿನ ಪ್ರಮಾಣವನ್ನು ನಾವೇ ಒಂದು ಮೆಟ್ಟಿಲು, ಎಂದರೆ ಇಮ್ಮಡಿ, ಏರಿಸತಕ್ಕದ್ದು.

ಇನ್ನು ಆ ಚುಕ್ಕೆಗಳು. ಬೆಳಕು ಮಳೆಹನಿಗಳಂತೆ ಕಣಕಣವಾಗಿ ಬೀಳುತ್ತದೆ. ಅಂಗಳದಲ್ಲಿ ಬಟ್ಟಲುಗಳನ್ನು ಸಾಲಾಗಿಟ್ಟರೆ, ಜಡಿಮಳೆಯಲ್ಲಿ ಎಲ್ಲದರ ನೀರೂ ಹೆಚ್ಚುಕಡಿಮೆ ಸಮ. ನಾಲ್ಕು ತುಂತುರಿಗೆ ಒಂದರಲ್ಲಿ 3 ಹನಿ, ಪಕ್ಕದ್ದರಲ್ಲಿ 7. ಕ್ಯಾಮರಾದ ಸಂವೇದಕದಲ್ಲಿರುವ ಕೋಶಗಳೂ ಹಾಗೆಯೇ. 10,000 ಕಣ ಬಿದ್ದಲ್ಲಿ ಏರುಪೇರು ಸುಮಾರು 100, ನೂರಕ್ಕೊಂದು. 100 ಕಣವಷ್ಟೇ ಬಿದ್ದಲ್ಲಿ ಸುಮಾರು 10, ನೂರಕ್ಕೆ ಹತ್ತು. ಆಮೇಲೆ ಬೆಳಗಿಸಿದರೆ ಮುಖದೊಡನೆ ಏರುಪೇರೂ ಹಿಗ್ಗುತ್ತದೆ. ಇಂದಿನ ಕೃತಕ ಬುದ್ಧಿಯ ತಂತ್ರಾಂಶಗಳು ಚುಕ್ಕೆಗಳನ್ನು ನಯವಾಗಿ ಅಳಿಸಬಲ್ಲವು. ಆದರೆ ಅಳಿಸಿದೆಡೆ ಅವು ತುಂಬುವ ಸುಕ್ಕುಗಳು ಊಹೆಯವು, ಅಜ್ಜಿಯವಲ್ಲ.

ಆದ್ದರಿಂದ ಪರಿಹಾರವನ್ನು ಚಿತ್ರ ತೆಗೆಯುವ ಗಳಿಗೆಯಲ್ಲೇ ಹುಡುಕಬೇಕು. ಸಾಲುಗಳ ನಡುವಣ ಅಂತರವನ್ನು ಕುಗ್ಗಿಸಿ, ಎಲ್ಲರನ್ನೂ ಫ್ಲ್ಯಾಷಿನ ಎಟುಕಿನೊಳಗೆ ನಿಲ್ಲಿಸಿರಿ. ಚುಕ್ಕೆಗಳಿಗೆ ಹೆದರಿ ಐ.ಎಸ್.ಓ. ಸಂಖ್ಯೆಯನ್ನು 100ಕ್ಕೇ ಕಟ್ಟಿಹಾಕಬೇಡಿರಿ. 400ಕ್ಕೆ ಏರಿಸಿದರೆ ಎಟುಕು ಇಮ್ಮಡಿಯಾಗುತ್ತದೆ. ಅದು ಬೆಳಕನ್ನು ಸೃಷ್ಟಿಸುವುದಿಲ್ಲ, ನಿಜ. ಆದರೂ 100ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಎತ್ತಿದ ಚಿತ್ರಕ್ಕಿಂತ ಇದು ಸಾಮಾನ್ಯವಾಗಿ ಮೇಲು. ಕವಾಟದ ವೇಗವನ್ನು ಸೆಕೆಂಡಿನ 60ನೆಯ ಒಂದು ಭಾಗಕ್ಕೆ ಇಳಿಸಿದರೆ ಸಭಾಂಗಣದ ದೀಪಗಳೂ ನೆರವಿಗೆ ಬರುತ್ತವೆ. ಛಾವಣಿ ತಗ್ಗಾಗಿ ಬೆಳ್ಳಗಿದ್ದರೆ, ತಿರುಗಿಸಬಲ್ಲ ಫ್ಲ್ಯಾಷನ್ನು ಅದರತ್ತ ಮಿಂಚಿಸಬಹುದು. ಎತ್ತರದ ಛಾವಣಿಗೆ ಈ ಉಪಾಯ ಸಲ್ಲದು. ಬ್ಯಾಟರಿ ಸೊರಗಿದ್ದರೆ ಫ್ಲ್ಯಾಷ್ ಮತ್ತೆ ಸಿದ್ಧವಾಗಲು ತಡವಾಗುತ್ತದೆ. ಸಿದ್ಧತೆಯ ದೀಪ ಹೊತ್ತುವವರೆಗೆ ತಾಳ್ಮೆಯಿರಲಿ.

ಕೊನೆಯದಾಗಿ, ಗುಂಪು ಚೆದುರುವ ಮುನ್ನ ಪರದೆಯ ಮೇಲೆ ಅತಿ ದೂರದ ಮುಖವನ್ನು ಹಿಗ್ಗಿಸಿ ನೋಡಿರಿ. ಅದು ಮಬ್ಬಾಗಿದ್ದರೆ, ಹಿಂದಿನ ಸಾಲಿನವರನ್ನು ಎರಡು ಹೆಜ್ಜೆ ಮುಂದಕ್ಕೆ ಕರೆದು ಇನ್ನೊಮ್ಮೆ ತೆಗೆಯಿರಿ. ಎಲ್ಲರೂ ಮತ್ತೆ ಹೀಗೆ ಒಟ್ಟಿಗೆ ನಿಲ್ಲುವ ದಿನ ಬಂದೀತೆಂಬ ಭರವಸೆ ಯಾರಿಗಿದೆ?