ಕ್ಯಾಸೆಟ್ ಅಂಗಡಿಯ ಹುಡುಗ



ಹಾಡಿನ ಅಂಗಡಿಗಳ ಮಾತು ಬಂದರೆ ನಮಗೆ ಹಾಡು ನೆನಪಾಗುತ್ತದೆ, ಕ್ಯಾಸೆಟ್ಟಿನ ಮೇಲಿನ ಚಿತ್ರ ನೆನಪಾಗುತ್ತದೆ. ಕೌಂಟರಿನ ಹಿಂದೆ ನಿಂತಿರುತ್ತಿದ್ದ ಹದಿನೆಂಟು ಇಪ್ಪತ್ತರ ಹುಡುಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಇವತ್ತು ನಾನು ಮಾತಾಡುವುದು ಅವನ ವಿಷಯ.

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ಅಲ್ಲಿಯವರೆಗೆ ಹಾಡು ಎಂದರೆ ರೇಡಿಯೊ, ಅಥವಾ ಉಳ್ಳವರ ಮನೆಯ ಗ್ರಾಮಫೋನ್ ಪ್ಲೇಟು. ಕ್ಯಾಸೆಟ್ ಅಗ್ಗವಾಗುತ್ತಿದ್ದಂತೆ ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡುಗಳಲ್ಲೂ ಅಂಗಡಿಗಳೆದ್ದವು. ಭಾವಗೀತೆ, ಯಕ್ಷಗಾನ, ಮಾಸ್ಟರ್ ಹಿರಣ್ಣಯ್ಯನವರ ನಾಟಕ ಎಲ್ಲವೂ ಒಂದೇ ಕಪಾಟಿನಲ್ಲಿ.

ಹೆಚ್ಚಿನ ಅಂಗಡಿಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಗಿರಾಕಿ ಚೀಟಿಯಲ್ಲಿ ಹಾಡುಗಳನ್ನು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವುದು. ಕಾನೂನು ಇದನ್ನು ಒಪ್ಪುತ್ತಿರಲಿಲ್ಲ, ಹಾಡಿದವರಿಗೂ ಬರೆದವರಿಗೂ ಇದರಿಂದ ನಷ್ಟವಾಯಿತು, ಅದನ್ನು ಮುಚ್ಚಿಡಬಾರದು. ಆದರೆ ಆ ಹುಡುಗನ ಕಸುಬನ್ನು ನೋಡಿ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತೇ ನಿಮಿಷ. ಕೊನೆಯ ಹಾಡು ನಡುವೆ ತುಂಡಾಗಬಾರದು, ಐದು ನಿಮಿಷ ಟೇಪು ಖಾಲಿ ಓಡಲೂಬಾರದು. ಯಾವ ಹಾಡು ಎಷ್ಟು ಹೊತ್ತು ಎಂಬುದು ಅವನಿಗೆ ಬಾಯಿಪಾಠ. ಸಾಹಿತ್ಯ ಗೊತ್ತಿಲ್ಲದ ಗಿರಾಕಿ ಅರ್ಧ ಸಾಲು ಗುನುಗಿದರೆ ಸಾಕು, ಸಿನಿಮಾದ ಹೆಸರು ಹೇಳುತ್ತಿದ್ದ. ಹಳೆಯ ಟೇಪಿನ ಸದ್ದು ಮಂಕಾಗಿದ್ದರೆ ಸಣ್ಣ ಸ್ಕ್ರೂಡ್ರೈವರಿನಿಂದ ಹೆಡ್ ತಿರುಗಿಸಿ ಸರಿಮಾಡುತ್ತಿದ್ದ. ಇದನ್ನೆಲ್ಲ ಅವನಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ಮಾಲೀಕನ ಪಕ್ಕದಲ್ಲಿ ನಿಂತು, ಸಂಬಳ ಪಡೆಯುತ್ತಲೇ ಕಲಿತದ್ದು.

ಅಂಥ ಅಂಗಡಿಯಿಂದ ಮೇಲಕ್ಕೆ ದಾರಿಯೂ ಇತ್ತು. ಎ.ವಿ. ಮೇಯಪ್ಪನ್ ಕಾರೈಕುಡಿಯ ತಂದೆಯ ಅಂಗಡಿಯಲ್ಲಿ ಪ್ಲೇಟು ಮಾರುತ್ತ ಬೆಳೆದವರು. ಆಮೇಲೆ ಮದ್ರಾಸಿನಲ್ಲಿ ಸರಸ್ವತಿ ಸ್ಟೋರ್ಸ್ ಎಂಬ ಪ್ಲೇಟಿನ ಅಂಗಡಿ, ಆಮೇಲೆ ಎವಿಎಂ ಎಂಬ ಸಿನಿಮಾ ಸಂಸ್ಥೆ. 1954ರಲ್ಲಿ ರಾಜಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ದ ಹಿಂದೆ ಅವರ ಕೈಯೂ ಇತ್ತು. ಟಿ-ಸೀರೀಸ್ ಎಂಬ ಸಂಗೀತ ಕಂಪನಿ ಕಟ್ಟಿದ ಗುಲ್ಶನ್ ಕುಮಾರ್ ದೆಹಲಿಯ ದರಿಯಾಗಂಜಿನಲ್ಲಿ ತಂದೆಯ ಹಣ್ಣಿನ ರಸದಂಗಡಿಯಿಂದ ಕ್ಯಾಸೆಟ್ ವ್ಯಾಪಾರಕ್ಕೆ ಬಂದವರು.

ಈ ಮಾತನ್ನು ಸೂರತ್ತಿನ ಕತಾರ್‌ಗಾಮ್‌ನಲ್ಲಿ ಆಡುವುದಕ್ಕೆ ಕಾರಣವಿದೆ. ಇಲ್ಲಿನ ವಜ್ರದ ಕಾರ್ಖಾನೆಗಳೂ ಹೀಗೇ ಬೆಳೆದವು. ಭಾವನಗರ, ಅಮ್ರೇಲಿ ಕಡೆಯ ಹುಡುಗರು ಸಂಬಂಧಿಕರ ಕೈಹಿಡಿದು ಬಂದು ಘಂಟಿ ಎಂಬ, ಕಲ್ಲು ಉಜ್ಜುವ ಯಂತ್ರದ ಮುಂದೆ ಕುಳಿತರು. ಎಣ್ಣೆ, ವಜ್ರದ ಪುಡಿ ಸವರಿದ ತಿರುಗುವ ತಟ್ಟೆಗೆ ಕಲ್ಲನ್ನು ಒತ್ತಿ, ಮತ್ತೆ ಮತ್ತೆ ಲೂಪ್ ಎಂಬ ಭೂತಗನ್ನಡಿಯಲ್ಲಿ ನೋಡಿ, ಒಂದು ದುಂಡು ಕಲ್ಲಿಗೆ ಐವತ್ತೇಳು ಮುಖ ತೆಗೆಯುವುದನ್ನು ಪಕ್ಕದವನಿಂದ ಕಲಿತರು. ಆ ದಾರಿಯೂ ಈಗ ಕಿರಿದಾಗುತ್ತಿದೆ. ಕಲ್ಲನ್ನು ಹೇಗೆ ಕತ್ತರಿಸಬೇಕೆಂದು ಕಂಪ್ಯೂಟರ್ ಹೇಳುತ್ತದೆ, ಲೇಸರ್ ಕತ್ತರಿಸುತ್ತದೆ. ರಷ್ಯಾದ ಕಚ್ಚಾ ವಜ್ರದ ಮೇಲೆ ನಿರ್ಬಂಧ ಬಿತ್ತು, ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಬೆಲೆ ಕುಸಿಯಿತು, 2025ರಲ್ಲಿ ಅಮೆರಿಕದ ಸುಂಕ ಬಂತು. 2023ರ ಡಿಸೆಂಬರಿನಲ್ಲಿ ಇಲ್ಲಿನ ಖಜೋದ್‌ನಲ್ಲಿ ವಜ್ರ ವ್ಯಾಪಾರದ ಭವ್ಯ ಕಟ್ಟಡ ಡೈಮಂಡ್ ಬೋರ್ಸ್ ಉದ್ಘಾಟನೆಯಾಯಿತು. ಮರುವರ್ಷವೇ ಕಾರ್ಮಿಕ ಸಂಘದವರು ಆತ್ಮಹತ್ಯೆ ತಡೆಯಲು ಸಹಾಯವಾಣಿ ತೆರೆಯಬೇಕಾಯಿತು. ಇವೆರಡನ್ನೂ ಒಟ್ಟಿಗೆ ನೆನೆದರೆ ನನಗೆ ಸಂಕಟವಾಗುತ್ತದೆ.

ಮತ್ತೆ ಹಾಡಿನ ಅಂಗಡಿಗೆ ಬರೋಣ. ಮುಂಬೈಯ ಕಾಲಾಘೋಡಾದಲ್ಲಿದ್ದ ಹಾಡಿನ ಅಂಗಡಿ ರಿದಂ ಹೌಸ್ 2016ರ ಫೆಬ್ರವರಿಯಲ್ಲಿ ಮುಚ್ಚಿದಾಗ ಪತ್ರಿಕೆಗಳು ದುಃಖಿಸಿದವು. ಈಗ ಪ್ಲೇಟುಗಳಿಗೆ ಮತ್ತೆ ಬೇಡಿಕೆ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ಪ್ಲೇಟುಗಳೂ 3.3 ಕೋಟಿ ಸಿಡಿಗಳೂ ಮಾರಾಟವಾದವು. ಸಂತೋಷವೇ. ಆದರೆ ಹಾಗೆ ಮರಳಿದ್ದು ಪ್ಲೇಟು, ಊರೂರಿನ ಕೌಂಟರಿನ ಹಿಂದಿನ ಕೆಲಸವಲ್ಲ. ನಿಮಗೆ ಯಾವ ಹಾಡು ಹಿಡಿಸೀತು ಎಂದು ಊಹಿಸುವ ಕೆಲಸ ಫೋನಿಗೆ ಹೋಗಿದೆ. ಆ ವಯಸ್ಸಿನ ಹುಡುಗ ಇವತ್ತು ಪಾರ್ಸಲ್ ಹೊತ್ತು ಬೈಕಿನಲ್ಲಿ ಓಡುತ್ತಿದ್ದಾನೆ. ಆ ದುಡಿಮೆಗೆ ನನ್ನ ಗೌರವವಿದೆ. ಆದರೆ ಅಲ್ಲಿ ಪಕ್ಕದಲ್ಲಿ ನಿಂತು ಕಲಿಸುವವರು ಯಾರೂ ಇಲ್ಲ, ಐದು ವರ್ಷ ಓಡಿದರೂ ಅವನು ಮೊದಲ ದಿನದ ಕೆಲಸವನ್ನೇ ಮಾಡುತ್ತಿರುತ್ತಾನೆ. ನನಗೆ ಹಳಹಳಿಕೆ ಇರುವುದು ಇದಕ್ಕೆ.

ಇಲ್ಲಿನ ನಮ್ಮ ಕನ್ನಡ ಸಂಘದ ಮುಂದೆ ಒಂದು ಬೇಡಿಕೆ ಇಡುತ್ತೇನೆ. ನಿಮ್ಮ ಮನೆಗಳ ಅಟ್ಟದಲ್ಲಿ ಊರಿಂದ ತಂದ ಕ್ಯಾಸೆಟ್ಟುಗಳಿರಬಹುದು. ಮದುವೆಯ ಹಾಡು, ಅಜ್ಜಿಯ ಸೋಬಾನೆ, ಹಿಂದಿನ ರಾಜ್ಯೋತ್ಸವದ ಭಾಷಣ. ಇವು ಯಾವ ಕಂಪನಿಯ ಬಳಿಯೂ ಇಲ್ಲ. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಲೇಪ ಉದುರುತ್ತದೆ, ಹೆಚ್ಚು ಕಾಲ ಕಾಯುವಂತಿಲ್ಲ. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು, ಕೂತು ಕೇಳುವ ಕಿವಿಯೂ ಬೇಕು. ಈ ಕೆಲಸಕ್ಕೆ ನಮ್ಮ ಮಕ್ಕಳಲ್ಲಿ ಇಬ್ಬರನ್ನು ತೆಗೆದುಕೊಳ್ಳೋಣ. ಒಬ್ಬ ಹಳೆಯ ಟೇಪ್‌ರೆಕಾರ್ಡರ್ ರಿಪೇರಿಯವರನ್ನು ಹುಡುಕಿ ಅವರ ಪಕ್ಕದಲ್ಲಿ ಕೂರಿಸೋಣ. ಸೇವೆ ಎಂದು ಬಿಟ್ಟಿ ದುಡಿಸುವುದು ಬೇಡ, ತಿಂಗಳಿಗೆ ಸಂಬಳ ಕೊಡೋಣ. ಈ ವರ್ಷದ ವಾರ್ಷಿಕೋತ್ಸವದ ಊಟದ ಖರ್ಚಿನಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಆ ಹಣ ಹೊಂದೀತು ಎಂದು ನನ್ನ ಅಂದಾಜು. ಖಜಾಂಚಿಯವರು ಇಲ್ಲೇ ಇದ್ದಾರೆ, ಲೆಕ್ಕ ಅವರು ಹೇಳಲಿ.