ನೇಜಿ ಕಿತ್ತು ನೆಡುವ ಹೊತ್ತು
(ಮಾತೆ ಮರಿಯಮ್ಮನವರ ಜನನದ ಹಬ್ಬ, ಸೆಪ್ಟೆಂಬರ್ 8, ಮೊಂತಿ ಫೆಸ್ತ್ – ಹಬ್ಬದ ಪ್ರಬೋಧನೆ)



ಒಂಬತ್ತು ದಿನ ನಮ್ಮ ಮಕ್ಕಳು ಬೆಳಿಗ್ಗೆ ಮಳೆಯಲ್ಲೇ ಹಿತ್ತಲು, ಗದ್ದೆಬದಿ ಸುತ್ತಿ ಹೂ ಕೊಯ್ದು ತಂದರು. ದಾಸವಾಳ, ಗೋರಟೆ, ಬೇಲಿಬದಿಯ ಹೆಸರಿಲ್ಲದ ಹೂಗಳೂ ಬುಟ್ಟಿಯಲ್ಲಿದ್ದವು. ಪುಟ್ಟ ಮರಿಯಮ್ಮನವರಿಗೆ ಅವುಗಳನ್ನು ಅರ್ಪಿಸಿದ ಮಕ್ಕಳ ಮುಖ ನೋಡುವುದೇ ನನಗೆ ಹಬ್ಬ. ಆದರೆ ಇಂದು ನಾನು ಮಾತಾಡಬೇಕೆಂದಿರುವುದು ಇಲ್ಲಿ ಬಾರದ ಮಕ್ಕಳ ಬಗ್ಗೆ. ಇದೇ ರೀತಿ ಬುಟ್ಟಿ ಹಿಡಿದು ಬರುತ್ತಿದ್ದವರು, ಈಗ ದೊಡ್ಡವರಾಗಿ ಬಾರದೇ ಇರುವವರು.

ಮೊನ್ನೆ ನೊವೇನದ ನಂತರ ಒಬ್ಬ ತಾಯಿ ನನ್ನನ್ನು ಕಾದು ನಿಂತಿದ್ದರು. ಅವರ ಮಗ ದುಬಾಯಿಯಲ್ಲಿದ್ದಾನೆ. ಪ್ರತಿ ವರ್ಷ ಆಶೀರ್ವದಿಸಿದ ತೆನೆಯಿಂದ ನಾಲ್ಕಾರು ಕಾಳು ಬಿಡಿಸಿ, ಕಾಗದದಲ್ಲಿ ಮಡಚಿ ಅವನಿಗೆ ಕಳಿಸುವುದು ಅವರ ವಾಡಿಕೆ. ಈ ಬಾರಿ ಅವರು ಕೇಳಿದರು: "ಫಾದರ್, ಅವನಿಗೆ ಈಗ ಇದರಲ್ಲೆಲ್ಲ ನಂಬಿಕೆ ಇಲ್ಲವಂತೆ. ಫೋನಿನಲ್ಲಿ ಹೇಳಿದ. ಇನ್ನು ಕಳಿಸಬೇಕೋ, ಬೇಡವೋ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. "ಹಬ್ಬದ ದಿನ ಹೇಳುತ್ತೇನೆ ಬಾಯಮ್ಮ" ಎಂದೆ. ಇಂದು ಹೇಳಬೇಕಾಗಿದೆ. ಈ ಪ್ರಶ್ನೆ ಅವರೊಬ್ಬರದ್ದಲ್ಲ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಎಷ್ಟೋ ಮನೆಗಳಲ್ಲಿ ಇದು ಬಾಯಿಗೆ ಬಾರದೆ ಗಂಟಲಲ್ಲೇ ಉಳಿದಿರುವ ಪ್ರಶ್ನೆ.

ಪ್ರಿಯರೇ, ಈ ಹಬ್ಬ ನಮಗೆ ಹಿರಿಯರಿಂದ ಬಂದದ್ದು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಇದನ್ನು ಆರಂಭಿಸಿದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಬಳಿಕ 1784ರಿಂದ 1799ರವರೆಗೆ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. ಹದಿನೈದು ವರ್ಷ! ಸೆರೆಗೆ ಹೋಗುವಾಗ ತೊಟ್ಟಿಲಲ್ಲಿದ್ದ ಕೂಸು ಹಿಂದಿರುಗುವಾಗ ಮೀಸೆ ಚಿಗುರಿದ ಹುಡುಗ. ಬದುಕಿ ಬಂದವರು ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ನಂಬಿಕೆಯನ್ನು ಮಕ್ಕಳಿಗೆ ದಾಟಿಸುವುದು ನಮ್ಮವರಿಗೆ ಎಂದೂ ಸಣ್ಣ ಮಾತಾಗಿರಲಿಲ್ಲ. ಆದ್ದರಿಂದಲೇ ಮಗನೋ ಮಗಳೋ "ನನಗೆ ಬೇಡ" ಎಂದಾಗ ನಮ್ಮ ಎದೆ ಒಡೆಯುತ್ತದೆ.

ಇಂದಿನ ಶುಭಸಂದೇಶವನ್ನು ಕೇಳಿದಿರಿ. ಸಂತ ಮತ್ತಾಯರು ಪ್ರಭುಯೇಸುವಿನ ವಂಶಾವಳಿಯನ್ನು ಹೇಳುತ್ತಾರೆ. ಹೆಸರುಗಳ ಉದ್ದ ಪಟ್ಟಿ. ಓದುವಾಗ ನನ್ನ ನಾಲಿಗೆಯೂ ತೊಡರಿತು, ನೀವೂ ಗಡಿಯಾರ ನೋಡಿದಿರಿ. ಆದರೆ ಆ ಪಟ್ಟಿಯೊಳಗೆ ಒಂದು ಮನೆಯ ಕಥೆ ಅಡಗಿದೆ. ಆಹಾಜನೆಂಬ ಅರಸ ವಿಗ್ರಹಾರಾಧಕ. ಅವನ ಮಗ ಹಿಜ್ಕೀಯ ದೇವಭಕ್ತ. ಈ ಭಕ್ತನ ಮಗ ಮನಸ್ಸೆ ತಂದೆ ಕಟ್ಟಿದ್ದನ್ನೆಲ್ಲ ಕೆಡವಿದ. ಮನಸ್ಸೆಯ ಮಗ ಆಮೋನನೂ ಅದೇ ದಾರಿ ಹಿಡಿದ. ಆ ಆಮೋನನ ಮಗ ಯೋಷೀಯ, ಎಂಟನೆಯ ವಯಸ್ಸಿನಲ್ಲಿ ಪಟ್ಟವೇರಿದವನು, ದೇವರ ಕಡೆಗೆ ತಿರುಗಿದ. ಇನ್ನು ಮನಸ್ಸೆಯೇ ಕೊನೆಗಾಲದಲ್ಲಿ ಸೆರೆಯಲ್ಲಿದ್ದು ಪಶ್ಚಾತ್ತಾಪಪಟ್ಟನೆಂದು ಪೂರ್ವಕಾಲ ವೃತ್ತಾಂತದಲ್ಲಿದೆ.

ಜಾಗ, ಮನೆ, ತೆಂಗಿನ ತೋಟ ತಂದೆಯಿಂದ ಮಗನಿಗೆ ಪಟ್ಟೆಯ ಮೂಲಕ ಬರುತ್ತದೆ. ನಂಬಿಕೆ ಹಾಗೆ ಬರುವುದಿಲ್ಲ. ಒಳ್ಳೆಯ ತಂದೆಯ ಮಗ ದೂರ ಹೋದದ್ದುಂಟು, ದೂರ ಹೋದವನ ಮಗ ಹತ್ತಿರ ಬಂದದ್ದುಂಟು. ಹಾಗಾಗಿ "ಮಗ ಇಗರ್ಜಿಗೆ ಬರುವುದಿಲ್ಲ, ತಂದೆತಾಯಿ ಸರಿಯಾಗಿ ಸಾಕಲಿಲ್ಲ" ಎಂದು ವಾಳೆಯಲ್ಲಿ ಮಾತಾಡಿಕೊಳ್ಳುವವರು ದಯವಿಟ್ಟು ಈ ವಂಶಾವಳಿಯನ್ನು ಇನ್ನೊಮ್ಮೆ ಓದಿರಿ.

ಅದೇ ಪಟ್ಟಿಯಲ್ಲಿ ರೂತಳಿದ್ದಾಳೆ. ಅವಳು ಮೋವಾಬಿನವಳು, ಹೊರಗಿನವಳು. ಬಾಲ್ಯದಲ್ಲಿ ಅವಳಿಗೆ ಇಸ್ರಯೇಲರ ದೇವರ ಪರಿಚಯವಿರಲಿಲ್ಲ. ಗಂಡನನ್ನು ಕಳೆದುಕೊಂಡ ಮೇಲೆ, ಅತ್ತೆ ನವೊಮಿಯ ಮೇಲಿನ ಪ್ರೀತಿಯಿಂದ ಅವಳ ದೇವರನ್ನು ತನ್ನವನಾಗಿಸಿಕೊಂಡಳು. ಬೆತ್ಲೆಹೇಮಿನ ಹೊಲದಲ್ಲಿ ಕೊಯ್ಲಿನವರ ಹಿಂದೆ ನಡೆದು ತೆನೆ ಆಯ್ದಳು. ತೆನೆಯ ಹಬ್ಬದ ದಿನ ಅವಳನ್ನು ನೆನೆಯುವುದು ಎಷ್ಟು ಚಂದ! ಅವಳ ಅತ್ತೆ "ನಿನ್ನ ಊರಿಗೆ ಹೋಗು" ಎಂದು ಬಿಟ್ಟುಕೊಟ್ಟಿದ್ದಳು, ಒತ್ತಾಯ ಮಾಡಿರಲಿಲ್ಲ. ರೂತಳು ನಂಬಿದ್ದು ವಾದ ಕೇಳಿ ಅಲ್ಲ, ಒಬ್ಬ ಹಿರಿಯಳ ಬದುಕು ನೋಡಿ.

ಈಗ ನಮ್ಮ ಗದ್ದೆಗೆ ಬರೋಣ. ಇಂದು ಗದ್ದೆಗಳು ಕಡಿಮೆ, ಹಡಿಲು ಬಿದ್ದವೇ ಹೆಚ್ಚು. ಆದರೂ ಏಣೆಲು ಬೆಳೆ ಮಾಡಿದ ಹಿರಿಯರು ಇಲ್ಲಿದ್ದೀರಿ. ನೇಜಿಯನ್ನು ಮೊದಲು ಒಂದೇ ಸಣ್ಣ ಗದ್ದೆಯಲ್ಲಿ ಒತ್ತೊತ್ತಾಗಿ ಬೆಳೆಸುತ್ತೇವೆ. ಎಷ್ಟು ಹಸಿರು! ನೋಡಿದರೆ ಕಣ್ಣಿಗೆ ತಂಪು. ಆದರೆ ಅಲ್ಲೇ ಬಿಟ್ಟರೆ ಅದು ತುಂಬಾ ತೆನೆ ಕೊಡುವುದಿಲ್ಲ. ಮೂರು ವಾರ ಕಳೆದ ಮೇಲೆ ಅದನ್ನು ಕೀಳಬೇಕು, ಬೇರಿನ ಮಣ್ಣು ತೊಳೆಯಬೇಕು, ಸೂಡಿ ಕಟ್ಟಬೇಕು, ಬೇರೆ ಗದ್ದೆಯ ಕೆಸರಿನಲ್ಲಿ ಒಂದೊಂದಾಗಿ ನೆಡಬೇಕು. ನೆಟ್ಟ ಮೊದಲ ಕೆಲವು ದಿನ ಹೇಗಿರುತ್ತದೆ? ತಲೆ ಬಾಗಿ, ಹಳದಿಯಾಗಿ, ಸತ್ತೇ ಹೋಯಿತೇನೋ ಎಂಬಂತೆ ಇರುತ್ತದೆ. ಅನುಭವವಿಲ್ಲದವನು ಹೆದರುತ್ತಾನೆ. ಬೇಸಾಯ ಬಲ್ಲವನು ನೀರು ನೋಡಿಕೊಂಡು ಸುಮ್ಮನಿರುತ್ತಾನೆ. ಬೇರು ಹಿಡಿಯಿತೋ ಇಲ್ಲವೋ ಎಂದು ದಿನಕ್ಕೊಮ್ಮೆ ಕಿತ್ತು ನೋಡುವ ರೈತನಿಲ್ಲ.

ಮನೆಯ ಜಪಸರ, ಭಾನುವಾರದ ಧರ್ಮೋಪದೇಶ, ಪ್ರಥಮ ಪರಮಪ್ರಸಾದ, ಈ ಹೂವಿನ ಬುಟ್ಟಿ, ಇವೆಲ್ಲ ನೇಜಿಗದ್ದೆ. ಅದು ಬೇಕೇ ಬೇಕು. ನೇಜಿ ಇಲ್ಲದೆ ನಾಟಿ ಇಲ್ಲ. ಆದರೆ ಹದಿನೆಂಟಕ್ಕೆ ಮಗು ಮಣಿಪಾಲದ ಹಾಸ್ಟೆಲಿಗೋ ಬೆಂಗಳೂರಿಗೋ ಹೋಗುತ್ತದೆ. ಅಲ್ಲಿ ಕೋಣೆಯ ಗೆಳೆಯ ಬೇರೆ ಧರ್ಮದವನು, ನಮಗಿಂತ ಶ್ರದ್ಧೆಯಿಂದ ಪ್ರಾರ್ಥಿಸುವವನು. ಇನ್ನೊಬ್ಬ ಏನನ್ನೂ ನಂಬದವನು, ಆದರೆ ಪ್ರಾಮಾಣಿಕ. ಅಜ್ಜಿ ಹೇಳಿದ ಉತ್ತರಗಳು ಅಲ್ಲಿ ಸಾಕಾಗುವುದಿಲ್ಲ. ಬೇರಿನ ಮಣ್ಣು ತೊಳೆದುಹೋಗುತ್ತದೆ. ಎಲೆ ಹಳದಿಯಾಗುತ್ತದೆ.

ನನಗೂ ಹಾಗೆ ಆಗಿತ್ತು. ದೇವರು ಪಾಪಗಳ ಲೆಕ್ಕದ ಪುಸ್ತಕ ಹಿಡಿದು ಮೇಲೆ ಕುಳಿತಿದ್ದಾನೆಂದೇ ನಾನು ಬಾಲ್ಯದಲ್ಲಿ ನಂಬಿದ್ದೆ. ಗುರುಮಠದಲ್ಲಿ ಪವಿತ್ರಗ್ರಂಥವನ್ನು ಪಾಠವಾಗಿ ಓದತೊಡಗಿದಾಗ, ಸೃಷ್ಟಿಯ ಆರು ದಿನಗಳು ಗಡಿಯಾರದ ದಿನಗಳಲ್ಲವೆಂದು ತಿಳಿದಾಗ, ಹಲವು ತಿಂಗಳು ನನಗೆ ಪ್ರಾರ್ಥಿಸಲು ಆಗಲಿಲ್ಲ. ಲೆಕ್ಕದ ಪುಸ್ತಕದ ಆ ದೇವರು ಹೋದ. ನಿಜದೇವರು ಬರಲು ಕಾಲ ಹಿಡಿಯಿತು. ಅಂದು ಬಾಲ್ಯದ ನಂಬಿಕೆ ಬದಲಾಗದೇ ಇದ್ದಿದ್ದರೆ ಇಂದು ನಾನು ಈ ಪೀಠದ ಮುಂದೆ ನಿಲ್ಲುತ್ತಿರಲಿಲ್ಲ.

ಇಷ್ಟೆಲ್ಲ ಅನುಭವವಿದ್ದೂ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಗುರುದೀಕ್ಷೆಯಾದ ಹೊಸತು. ಸಹಾಯಕ ಗುರುವಾಗಿದ್ದೆ. ಮನೆಭೇಟಿಗೆ ಹೋದಾಗ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಸಿಕ್ಕಿದ. ಅವನ ತಂದೆ ಕಿಡ್ನಿ ಕಾಯಿಲೆಯಿಂದ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಅತ್ತೂರಿಗೆ ಹರಕೆ ಹೊತ್ತಿದ್ದರು, ಮೇಣದಬತ್ತಿ ಉರಿಸಿದ್ದರು. ಹುಡುಗ ಹೇಳಿದ: "ನಾನು ಮೊಣಕಾಲೂರಿ ಕೇಳಿದೆ ಫಾದರ್. ಉತ್ತರ ಬರಲಿಲ್ಲ. ಇನ್ನು ಕೇಳುವುದಿಲ್ಲ." ನಾನೇನು ಮಾಡಿದೆ? ಗುರುಮಠದಲ್ಲಿ ಕಲಿತ ಸಂತ ಥಾಮಸ್ ಅಕ್ವಿನಾಸರ ಐದು ಮಾರ್ಗಗಳನ್ನು ಅವನ ಮುಂದೆ ಸುರಿದೆ. ಅವನು ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. "ನೀನು ಹೀಗೆ ಮಾತಾಡಿದರೆ ನಿನ್ನ ಅಪ್ಪನ ಆತ್ಮಕ್ಕೆ ನೋವಾಗುತ್ತದೆ" ಎಂದುಬಿಟ್ಟೆ. ಹುಡುಗ ಎದ್ದು ಒಳಗೆ ಹೋದ. ಅವನ ತಾಯಿ ತಂದಿಟ್ಟ ಚಹಾ ಆರಿತು.

ಹನ್ನೆರಡು ವರ್ಷಗಳ ನಂತರ ಒಂದು ಮದುವೆಯಲ್ಲಿ ಅವನನ್ನು ಕಂಡೆ. ನಾನೇ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವನಿಗೆ ಆ ಮಾತು ಅಕ್ಷರ ಅಕ್ಷರ ನೆನಪಿತ್ತು. "ಅವತ್ತು ನೀವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರೆ ಸಾಕಿತ್ತು ಫಾದರ್" ಎಂದ. ಅಷ್ಟೇ. ಇಂದಿಗೂ ಅವನು ಪೂಜೆಗೆ ಬರುವುದಿಲ್ಲ. ಆದರೆ ಪ್ರತಿ ಭಾನುವಾರ ತಾಯಿಯನ್ನು ಕಾರಿನಲ್ಲಿ ಕರೆತಂದು, ಕೈಹಿಡಿದು ಮೆಟ್ಟಿಲು ಹತ್ತಿಸಿ, ಪೂಜೆ ಮುಗಿಯುವವರೆಗೆ ಹೊರಗೆ ಕಾಯುತ್ತಾನಂತೆ. ನಾಲ್ಕನೆಯ ಕಟ್ಟಳೆಯನ್ನು ಅವನಷ್ಟು ಪಾಲಿಸುವವರು ನಮ್ಮಲ್ಲಿ ಎಷ್ಟು ಮಂದಿ?

ನಾನು ಮರೆತಿದ್ದ ಪಾಠವೊಂದು ಸಂತ ಮೋನಿಕಮ್ಮನವರ ಬದುಕಿನಲ್ಲಿದೆ. ಕೆಲವು ದಿನಗಳ ಹಿಂದಷ್ಟೇ ಅವರ ಮತ್ತು ಅವರ ಮಗ ಆಗಸ್ಟೀನರ ಹಬ್ಬಗಳನ್ನು ಆಚರಿಸಿದ್ದೇವೆ. ಕ್ರಿ.ಶ. 354ರಲ್ಲಿ ಹುಟ್ಟಿದ ಆಗಸ್ಟೀನರು ತಾಯಿಯ ವಿಶ್ವಾಸ ಬಿಟ್ಟು ಸುಮಾರು ಒಂಬತ್ತು ವರ್ಷ ಮಾನಿಯವರ ಪಂಥದಲ್ಲಿದ್ದರು. ತಾಯಿ ಒಬ್ಬ ಧರ್ಮಾಧ್ಯಕ್ಷರ ಬಳಿ ಹೋಗಿ, ಮಗನೊಂದಿಗೆ ವಾದಿಸಿ ತಿದ್ದಬೇಕೆಂದು ಅಂಗಲಾಚಿದರು. ಅವರು ಒಪ್ಪಲಿಲ್ಲ. ಅವನಿನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಸದ್ಯ ಬಿಟ್ಟುಬಿಡು, ಪ್ರಾರ್ಥಿಸು, ಓದುತ್ತಾ ಓದುತ್ತಾ ತಾನೇ ತಿಳಿಯುವನು ಎಂದರು. ಆ ಧರ್ಮಾಧ್ಯಕ್ಷರೇ ಬಾಲ್ಯದಲ್ಲಿ ಅದೇ ಪಂಥದಲ್ಲಿ ಬೆಳೆದು, ಮುಂದೆ ತಾವೇ ಯೋಚಿಸಿ ಹೊರಬಂದವರು! ಹಾದಿ ನಡೆದವರಿಗೆ ಹಾದಿಯ ಉದ್ದ ಗೊತ್ತಿತ್ತು. ಆಗಸ್ಟೀನರು 387ರ ಪಾಸ್ಕ ಜಾಗರಣೆಯಂದು ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ತಾಯಿ ಅದೇ ವರ್ಷ ತೀರಿಕೊಂಡರು.

ಮಾತೆ ಮರಿಯಮ್ಮನವರಿಗೂ ಮಗ ಅರ್ಥವಾಗದ ದಿನಗಳಿದ್ದವು. ಹನ್ನೆರಡರ ಹುಡುಗ ಮೂರು ದಿನ ಕಾಣೆಯಾಗಿ ದೇವಾಲಯದಲ್ಲಿ ಸಿಕ್ಕಾಗ ಅವನ ಉತ್ತರ ತಂದೆತಾಯಿಗೆ ತಿಳಿಯಲಿಲ್ಲವೆಂದು ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಮುಂದೆ ಮಗನನ್ನು ಕಾಣಲು ಬಂದು ಮನೆಯ ಹೊರಗೆ ನಿಂತದ್ದನ್ನು ಸಂತ ಮಾರ್ಕರು ಹೇಳುತ್ತಾರೆ. ಆ ತಾಯಿ ಎಲ್ಲವನ್ನೂ ಹೃದಯದಲ್ಲಿ ಇಟ್ಟುಕೊಂಡರು. ಬಾಗಿಲು ಮುಚ್ಚಲಿಲ್ಲ.

ತಂದೆತಾಯಂದಿರೇ, ಪ್ರಶ್ನೆ ಕೇಳುವ ಮಕ್ಕಳಿಗೆ ಹೆದರಬೇಡಿ. ನಮ್ಮದೇ ಕೋಟದ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ನಿಮಗೆ ಗೊತ್ತು. ಅವರ ಎಲ್ಲ ವಿಚಾರಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ದೇವರು, ಧರ್ಮದ ಬಗ್ಗೆ ಪ್ರಶ್ನೆ ಕೇಳುವ ಮೊಮ್ಮಗನೊಂದಿಗೆ ಆ ಅಜ್ಜಿ ಕುಳಿತು ಮಾತಾಡುತ್ತಾಳೆ. ನಮ್ಮ ಮನೆಯಲ್ಲಿ ಅಂಥ ಜಗಲಿ ಇದೆಯೇ? ಇಲ್ಲ, "ಬಾಯಿ ಮುಚ್ಚಿ ಜಪಸರ ಮಾಡು" ಎಂಬ ಒಂದೇ ಉತ್ತರವೇ?

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಎರಡು ಮುಖ್ಯ ದಾಖಲೆಗಳನ್ನು ಹೊರಡಿಸಿತು. ಒಂದು, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಹೇಳುತ್ತದೆ. ಇನ್ನೊಂದು, ಜನ ದೇವರಿಂದ ದೂರವಾಗುವುದರಲ್ಲಿ ನಂಬುವವರಾದ ನಮ್ಮ ನಡತೆಯ ಪಾಲೂ ಇದೆಯೆಂದು ಒಪ್ಪಿಕೊಳ್ಳುತ್ತದೆ. ಜಪಸರ ಮುಗಿದ ಕೂಡಲೇ ಜಾಗದ ತಕರಾರಿಗೆ ಅಣ್ಣನನ್ನು ಬೈಯುವ ಅಪ್ಪನನ್ನು ನೋಡಿದ ಮಗು ಏನನ್ನು ಕಲಿಯುತ್ತದೆ? ಮಕ್ಕಳು ಕೆಲವೊಮ್ಮೆ ಬಿಡುವುದು ದೇವರನ್ನಲ್ಲ, ನಮ್ಮ ತೋರಿಕೆಯನ್ನು.

ಯುವಜನರೇ, ನಿಮಗೂ ಒಂದು ಮಾತು. ಇಪ್ಪತ್ತೈದರಲ್ಲಿ ನೀವು ಬೇಡವೆನ್ನುವ ದೇವರು, ಹತ್ತನೆಯ ವಯಸ್ಸಿನಲ್ಲಿ ನಿಮಗೆ ತಿಳಿದಿದ್ದ ದೇವರೇ ಆಗಿರಬಹುದು. ಹತ್ತರ ಅಂಗಿ ಈಗ ಹಿಡಿಸುವುದಿಲ್ಲವೆಂದು ಅಂಗಿಯನ್ನೇ ಬಿಟ್ಟವರುಂಟೇ? ಅಳತೆಗೆ ತಕ್ಕದ್ದನ್ನು ಹೊಲಿಸಿಕೊಳ್ಳಿ. ಓದಿ, ಕೇಳಿ, ನಮ್ಮ ಬಳಿ ಬಂದು ವಾದಿಸಿ. ಕಲ್ಕತ್ತದ ಸಂತ ತೆರೇಸಮ್ಮನವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತೇ ಬೆರಗಾಯಿತು. ದಶಕಗಳ ಕಾಲ ಆ ತಾಯಿ ಒಳಗೆ ಕತ್ತಲನ್ನು ಅನುಭವಿಸುತ್ತಲೇ ಬೀದಿಯಲ್ಲಿ ಬಿದ್ದವರನ್ನು ಎತ್ತಿದರು. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಸಂಶಯವಿದೆಯೆಂದು ದೇವರು ಯಾರನ್ನೂ ಹೊರಹಾಕುವುದಿಲ್ಲ.

ಹೋದವರೆಲ್ಲ ಹಿಂದಿರುಗುತ್ತಾರೆಂದು ನಾನು ನಿಮಗೆ ಭರವಸೆ ಕೊಡಲಾರೆ. ಕೊಟ್ಟರೆ ಅದು ಸುಳ್ಳಾದೀತು. ನೆಟ್ಟ ನೇಜಿಯೆಲ್ಲ ತೆನೆಯಾಗುವುದಿಲ್ಲ. ಆದರೆ ಗದ್ದೆ ನಮ್ಮದಲ್ಲ, ಯಜಮಾನನದು. ಅವನು ನಮಗಿಂತ ತಾಳ್ಮೆಯವನು.

ಈಗ ಆ ತಾಯಿಗೆ ನನ್ನ ಉತ್ತರ. ಬಾಯಮ್ಮ, ಇಂದು ಮನೆಗೆ ಹೋಗಿ ಕಾಳು ಬಿಡಿಸಿ ಹಾಲಿಗೆ ಹಾಕಿ ಎಲ್ಲರಿಗೂ ಕೊಡುವಾಗ ಮಗನ ಪಾಲು ತೆಗೆದಿಡಿ. ಕಾಗದದಲ್ಲಿ ಮಡಚಿ ಕಳಿಸಿ. ಜೊತೆಗೆ ಉಪದೇಶದ ಪತ್ರ ಬೇಡ, ಕಣ್ಣೀರಿನ ಮಾತೂ ಬೇಡ. "ಈ ಸಲದ ಹೊಸತು, ನಿನ್ನ ಪಾಲು" ಎಂದಷ್ಟೇ ಬರೆಯಿರಿ. ಅವನು ಪ್ರಾರ್ಥಿಸಿ ತಿನ್ನುತ್ತಾನೋ, ಸುಮ್ಮನೆ ತಿನ್ನುತ್ತಾನೋ, ಮೇಜಿನ ಮೇಲೆ ಇಟ್ಟು ನೋಡುತ್ತಾನೋ, ಅದು ಅವನಿಗೂ ದೇವರಿಗೂ ಬಿಟ್ಟದ್ದು. ಆದರೆ ಈ ಮನೆಯಲ್ಲಿ ತನಗೊಂದು ಎಲೆ ಹಾಕುತ್ತಾರೆಂದು ಅವನಿಗೆ ತಿಳಿದಿರಲಿ.

ಪುಟ್ಟ ಮರಿಯಮ್ಮನವರೇ, ಇಂದು ಹೂವಿನೊಂದಿಗೆ ಬಂದ ಮಕ್ಕಳನ್ನೂ, ಬಾರದೇ ಇರುವ ಮಕ್ಕಳನ್ನೂ ನಿಮ್ಮ ಮಡಿಲಿಗೆ ಹಾಕುತ್ತೇವೆ. ಕಾಯುವ ತಂದೆತಾಯಂದಿರಿಗೆ ತಾಳ್ಮೆ ಕೊಡಿಸಿರಿ. ಅವಸರಪಡುವ ಗುರುಗಳಾದ ನಮಗೆ ಸುಮ್ಮನೆ ಕುಳಿತು ಕೇಳುವ ಕೃಪೆಯನ್ನು ಕೊಡಿಸಿರಿ. ಆಮೆನ್.