ಘಾಟಿಯ ದಾರಿ, ಸುರಂಗದ ದಾರಿ



ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿ ನಮ್ಮ ಮೋಟಾರ್ ಸೈಕಲ್ ಸವಾರರ ಪಾಲಿಗೆ ಒಂದು ಬಗೆಯ ತೀರ್ಥಯಾತ್ರೆಯೇ ಸರಿ. ಬೆಂಗಳೂರಿನಲ್ಲಿ ಬೈಕನ್ನು ರೈಲಿಗೆ ಹಾಕಿ, ಉತ್ತರದಲ್ಲಿ ಇಳಿಸಿಕೊಂಡು ಹಿಮಾಲಯ ಹತ್ತುವವರು ಪ್ರತಿ ಬೇಸಿಗೆಯಲ್ಲೂ ಉಂಟು. ಸುಮಾರು 475 ಕಿ.ಮೀ. ಉದ್ದದ ಹಳೆಯ ದಾರಿಯಲ್ಲಿ ಐದು ಘಾಟಿಗಳನ್ನು ದಾಟಬೇಕಿತ್ತು. ಮೊದಲನೆಯದು 3,978 ಮೀಟರ್ ಎತ್ತರದ ರೋಹ್ತಾಂಗ್. ಕೊನೆಯದು 5,328 ಮೀಟರ್ ಎತ್ತರದ ತಂಗ್‌ಲಂಗ್ ಲಾ.

ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿ ಹೋಗಿಬಂದ ಸವಾರ ಇಂದು ಮತ್ತೆ ಹೊರಟರೆ ಮೊದಲ ದಿನವೇ ಅಚ್ಚರಿಪಡುತ್ತಾನೆ. ಅಂದು ಮನಾಲಿಯಿಂದ ಬೆಳಗಿನ ಜಾವವೇ ಹೊರಟು, ಮಢಿಯ ಢಾಬಾದಲ್ಲಿ ಚಹಾ ಕುಡಿದು, ರೋಹ್ತಾಂಗ್‌ನ ಕೆಸರಿನಲ್ಲಿ ಲಾರಿಗಳ ಹಿಂದೆ ತೆವಳಿ, ಆಚೆ ಬದಿಯ ಕೋಕ್ಸರ್‌ಗೆ ಇಳಿಯುವಷ್ಟರಲ್ಲಿ ಅರ್ಧ ದಿನ ಕಳೆದುಹೋಗುತ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ಉದ್ಘಾಟನೆಯಾಯಿತು. ದಾರಿ 46 ಕಿ.ಮೀ. ಕಡಿಮೆಯಾಯಿತು. ಹಸಿರು ದೇವದಾರು ಕಾಡಿನ ಕುಲ್ಲೂ ಸೀಮೆಯಲ್ಲಿ ಸುರಂಗ ಹೊಕ್ಕವನು ಕಾಲು ಗಂಟೆಯೊಳಗೆ ಬೋಳು ಬೆಟ್ಟಗಳ ಲಾಹೌಲ್‌ನಲ್ಲಿ ಹೊರಬೀಳುತ್ತಾನೆ. ಒಂದು ಲೋಕ ನಿಧಾನವಾಗಿ ಮತ್ತೊಂದಾಗುವುದನ್ನು ಕಾಣುವ ಸುಖ ಅವನಿಗೆ ಇಲ್ಲವಾಯಿತು. ಹಳೆಯ ಸವಾರರು ಕೊರಗುವುದು ಇದಕ್ಕೇ. ಆ ಕೊರಗು ಸುಳ್ಳಲ್ಲ.

ಆದರೆ ದಾರಿ ಎನ್ನುವುದು ಸವಾರನೊಬ್ಬನದೇ ಆಸ್ತಿಯಲ್ಲ. ರೋಹ್ತಾಂಗ್ ಎಂಬ ಹೆಸರಿಗೆ ಹೆಣಗಳ ಬಯಲು ಎಂದು ಅರ್ಥ ಹೇಳುವುದುಂಟು. ಹಿಮಗಾಳಿಗೆ ಸಿಕ್ಕಿ ಸತ್ತ ದಾರಿಹೋಕರ ನೆನಪು ಆ ಹೆಸರಿನಲ್ಲಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ಕೆಲವು ದಿನ ಸಂಚಾರ ನಿಂತರೆ ನಮ್ಮ ಕರಾವಳಿಯವರು ಪಡುವ ಪಾಡು ತಮಗೆ ಗೊತ್ತಿದೆ. ಲಾಹೌಲ್‌ನವರಿಗೆ ಹಿಮ ಬಿದ್ದರೆ ಹೆಚ್ಚುಕಡಿಮೆ ಆರು ತಿಂಗಳು ದಾರಿ ಮುಚ್ಚುತ್ತಿತ್ತು. ಹೆರಿಗೆ ಕಷ್ಟವಾದರೆ, ಕಾಯಿಲೆ ಉಲ್ಬಣಿಸಿದರೆ, ಆಕಾಶ ತಿಳಿಯಾಗಿ ಹೆಲಿಕಾಪ್ಟರ್ ಬರುವುದನ್ನೇ ಕಾಯಬೇಕಿತ್ತು. ಹಾಗೂ ನಡೆದೇ ದಾಟಲು ಹೊರಡುವವರಿಗಾಗಿ ಮಢಿ ಮತ್ತು ಕೋಕ್ಸರ್‌ಗಳಲ್ಲಿ ಸರ್ಕಾರ ರಕ್ಷಣಾ ಠಾಣೆಗಳನ್ನು ಇಡುತ್ತಿತ್ತು. ಸವಾರನಿಗೆ ಬೇಸಿಗೆಯ ಸಾಹಸವಾಗಿದ್ದ ಘಾಟಿ, ಅಲ್ಲಿನ ಜನರಿಗೆ ಚಳಿಗಾಲದ ಸೆರೆಮನೆಯ ಬಾಗಿಲಾಗಿತ್ತು.

ಬಾಗಿಲು ತೆರೆದುದರ ಲಾಭನಷ್ಟ ಎರಡೂ ಅಲ್ಲಿನವರವೇ. ಲಾಹೌಲ್‌ನ ಬಟಾಣಿ, ಆಲೂಗಡ್ಡೆ, ಹೂಕೋಸು ಈಗ ಘಾಟಿ ಹತ್ತದೆ ಮಾರುಕಟ್ಟೆಗೆ ಇಳಿಯುತ್ತವೆ. ಸುರಂಗದ ಆಚೆ ಬಾಯಿಗೆ ಹತ್ತಿರದ ಸಿಸ್ಸುವಿನಲ್ಲಿ ಹೋಟೆಲುಗಳು ಎದ್ದಿವೆ. ಇತ್ತ ಮಢಿ, ಕೋಕ್ಸರ್‌ಗಳಲ್ಲಿ ಲೇಹ್‌ಗೆ ಹೋಗುವವರನ್ನೇ ನಂಬಿದ್ದ ಢಾಬಾಗಳಿಗೆ ಆ ಗಿರಾಕಿಗಳು ತಪ್ಪಿದರು. ಚಳಿಗಾಲದ ನಡುವೆ ಪಂಜು ಹಚ್ಚಿ ಆಚರಿಸುವ ಹಾಲ್ಡಾ ಹಬ್ಬ ಹಿಮದ ಏಕಾಂತದಲ್ಲಿ ಬೆಳೆದದ್ದು. ಅದೇ ದಿನಗಳಲ್ಲಿ ಈಗ ಹಿಮ ನೋಡಲು ಬಯಲುಸೀಮೆಯ ಕಾರುಗಳು ಬಂದು ನಿಲ್ಲುತ್ತವೆ.

ಕಣಿವೆಯಲ್ಲಿ ಇನ್ನೂ ಮುಂದೆ ಹೋದರೆ, ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ ಆಗುವ ತಾಂಡಿ ಸಿಗುತ್ತದೆ. ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂಬ ಇಲ್ಲಿನ ಫಲಕದ ಎದುರು ಫೋಟೊ ತೆಗೆಸಿಕೊಳ್ಳದ ಸವಾರ ಅಪರೂಪ. ಅಲ್ಲಿಂದಾಚೆಗೆ ಬಾರಾಲಾಚಾ, ಇಪ್ಪತ್ತೊಂದು ತಿರುವುಗಳ ಗಾಟಾ ಲೂಪ್ಸ್, ಸರ್ಚು ಮತ್ತು ಪಾಂಗ್‌ನ ಡೇರೆಗಳು. ಬೇಸಿಗೆಯ ಕೆಲವೇ ತಿಂಗಳು ತೆರೆದಿರುವ ಆ ಡೇರೆಗಳಲ್ಲಿ ಬಿಸಿ ಮ್ಯಾಗಿ, ಕಂಬಳಿ, ಮಲಗಲು ಜಾಗ ಸಿಗುತ್ತದೆ. ಉಸಿರು ಕಟ್ಟಿದವನಿಗೆ ಬೆಳ್ಳುಳ್ಳಿ ಸಾರನ್ನೂ ಕಾಯಿಸಿಕೊಡುತ್ತಾರೆ.

ಮುಂದಿನ ಬದಲಾವಣೆ ಬರಲಿರುವುದು ಇಲ್ಲಿಗೆ. ದಾರ್ಚಾದಿಂದ ಕವಲೊಡೆದು ಜಂಸ್ಕಾರ್ ಮೂಲಕ ಲೇಹ್ ಕಡೆಗೆ ಸಾಗುವ ಮತ್ತೊಂದು ದಾರಿಯಲ್ಲಿ, ಶಿಂಕು ಲಾ ಘಾಟಿಯ ಕೆಳಗೆ 4.1 ಕಿ.ಮೀ. ಸುರಂಗದ ಕೆಲಸ 2024ರ ಜುಲೈನಲ್ಲಿ ಆರಂಭವಾಯಿತು. ಹಿಮಕ್ಕೆ ಮುಚ್ಚಿಹೋಗುವ ಜಂಸ್ಕಾರ್‌ನವರಿಗೆ ಅದು ಲಾಹೌಲ್‌ನವರಿಗೆ ಸಿಕ್ಕ ಬಿಡುಗಡೆಯನ್ನೇ ತರಬಹುದು. ಆದರೆ ವಾಹನಗಳೆಲ್ಲ ಆ ಕಡೆ ತಿರುಗಿದರೆ ಪಾಂಗ್‌ನ ಡೇರೆಯವರು ಯಾರಿಗೆ ಚಹಾ ಕಾಯಿಸಬೇಕು? ಲೆಕ್ಕ ಹಾಕುವಾಗ ಇವರನ್ನೂ ಎಣಿಸಬೇಕಾಗುತ್ತದೆ.

ಹಳೆಯ ದಾರಿ ಬೇಕೆನ್ನುವ ಸವಾರನಿಗಂತೂ ರೋಹ್ತಾಂಗ್ ಅಲ್ಲೇ ಇದೆ. ಹಸಿರು ನ್ಯಾಯಮಂಡಳಿ ವಾಹನಗಳಿಗೆ ಮಿತಿ ಹಾಕಿರುವುದರಿಂದ ಮನಾಲಿ ಕಡೆಯಿಂದ ಹೋಗುವವರು ಪರವಾನಗಿ ಪಡೆಯಬೇಕು, ಅಷ್ಟೆ. ಇಷ್ಟವಿದ್ದವನು ಘಾಟಿ ಹತ್ತಬಹುದು, ಅವಸರವಿದ್ದವನು ಸುರಂಗ ಹೊಗಬಹುದು. ಲಾಹೌಲ್‌ನ ಬಸುರಿ ಹೆಂಗಸಿಗೆ 2020ಕ್ಕೆ ಮುಂಚೆ ಚಳಿಗಾಲದಲ್ಲಿ ಈ ಆಯ್ಕೆ ಇರಲಿಲ್ಲ.